ಭೂತಾನದ ವಿದ್ಯುತ್ತೂ ಭಾರತದ ಕರಾರೂ

ನೆರೆಯವರೊಡನೆ ಗೋಡೆಯನ್ನೋ ಬಾವಿಯನ್ನೋ ಹಂಚಿಕೊಂಡು ಬಾಳಿದ ಗೃಹಸ್ಥರಿಗೆ ಒಂದು ಸಂಗತಿಯು ಅನುಭವದಿಂದಲೇ ತಿಳಿದಿರುತ್ತದೆ: ಸ್ನೇಹವು ಎಷ್ಟೇ ಗಾಢವಾಗಿದ್ದರೂ ಲೆಕ್ಕವನ್ನು ಬಾಯಿಮಾತಿಗೆ ಬಿಡಬಾರದು. ರಾಜ್ಯಗಳ ವ್ಯವಹಾರವೂ ಹೀಗೆಯೇ. ಕೌಟಿಲ್ಯನು ಅರಸನಾದವನು ಅನುಸರಿಸತಕ್ಕ ಆರು ನೀತಿಗಳಲ್ಲಿ ಸಂಧಿಯನ್ನು ಮೊದಲನೆಯದಾಗಿ ಎಣಿಸಿ, ಅದರ ಲಕ್ಷಣವನ್ನು ಹೇಳುವಾಗ ಸ್ನೇಹದ ಮಾತನ್ನೆತ್ತದೆ ‘ಪಣ’ವೆಂಬ ಶಬ್ದವನ್ನು ಮುಂದಿಟ್ಟಿರುವನು. ಅಂದರೆ ಕೊಡುವುದೇನು, ಕೊಳ್ಳುವುದೇನು ಎಂಬ ಕಟ್ಟು. ನಮ್ಮ ದೇಶವೂ ಭೂತಾನವೂ ಐವತ್ತು ವರ್ಷಗಳಿಗೂ ಮೇಲ್ಪಟ್ಟು ವಿದ್ಯುಚ್ಛಕ್ತಿಯ ವಿಷಯದಲ್ಲಿ ನಡೆಸಿಕೊಂಡು ಬಂದಿರುವ ಸಂಧಾನಗಳನ್ನು ನೋಡಿದರೆ, ಆ ಪಣದ ಗುಣದೋಷಗಳೆರಡೂ ಕಣ್ಣಿಗೆ ಕಾಣುತ್ತವೆ.

ಭೂತಾನವು ಹಿಮಾಲಯದ ಪೂರ್ವಭಾಗದಲ್ಲಿರುವ ಸಣ್ಣ ರಾಜ್ಯ. ಜನಸಂಖ್ಯೆ ಎಂಟು ಲಕ್ಷಕ್ಕೂ ಕಡಮೆ. 1958ರಲ್ಲಿ ಜವಾಹರಲಾಲ ನೆಹರೂರವರು ಮಗಳಾದ ಇಂದಿರಾರವರೊಡನೆ ಅಲ್ಲಿಗೆ ಹೋದಾಗ ಭಾರತದಿಂದ ಆ ದೇಶಕ್ಕೆ ಮೋಟಾರು ರಸ್ತೆಯೇ ಇರಲಿಲ್ಲ. ನಾಥೂ ಲಾ ಘಟ್ಟವನ್ನು ದಾಟಿ, ಟಿಬೆಟ್ಟಿನ ಚುಂಬಿ ಕಣಿವೆಯಲ್ಲಿ ಕುದುರೆ, ಚಮರೀಮೃಗಗಳ ಮೇಲೆ ಪ್ರಯಾಣಮಾಡಿ ಅವರು ಪಾರೋ ಪಟ್ಟಣವನ್ನು ಸೇರಿದರು. ಭೂತಾನವು ಸ್ವತಂತ್ರವಾಗಿದ್ದುಕೊಂಡು ತನ್ನ ಹಾದಿಯನ್ನು ತಾನೇ ಆರಿಸಿಕೊಳ್ಳಲಿ ಎಂಬ ಆಶಯವನ್ನು ಅಲ್ಲಿ ಬಹಿರಂಗವಾಗಿ ತಿಳಿಸಿದರು. ರಸ್ತೆಯ ಕೆಲಸವು ಅದಾದ ಮೂರು ವರ್ಷಗಳಲ್ಲಿ ಪ್ರಾರಂಭವಾಯಿತು.

ಆ ದೇಶದಲ್ಲಿ ಗದ್ದೆಗಳು ಸ್ವಲ್ಪ, ಕಾರ್ಖಾನೆಗಳು ಇನ್ನೂ ಸ್ವಲ್ಪ. ಇರುವ ಐಶ್ವರ್ಯವೆಂದರೆ ಹಿಮಶಿಖರಗಳಿಂದ ಧುಮುಕುವ ನದಿಗಳು. ದೊಡ್ಡ ಜಲಾಶಯವನ್ನು ಕಟ್ಟಿ ಊರುಗಳನ್ನು ಮುಳುಗಿಸದೆ, ನದಿಗೆ ಅಡ್ಡಲಾಗಿ ಒಂದು ಕಟ್ಟೆಯನ್ನು ಹಾಕಿ, ನೀರನ್ನು ಬೆಟ್ಟದೊಳಗೆ ಕೊರೆದ ಸುರಂಗದಲ್ಲಿ ಹರಿಸಿ, ಕಡಿದಾದ ಕೊಳವೆಯಿಂದ ಕೆಳಕ್ಕೆ ಬೀಳಿಸಿ ಯಂತ್ರಚಕ್ರಗಳನ್ನು ತಿರುಗಿಸುವುದು, ಬಳಿಕ ಆ ನೀರನ್ನು ಮರಳಿ ನದಿಗೇ ಬಿಡುವುದು ಅಲ್ಲಿ ಹೆಚ್ಚಾಗಿ ನಡೆಯುವ ಕ್ರಮ. ನೀರು ಖರ್ಚಾಗುವುದಿಲ್ಲ, ಅದರ ಬೀಳುವ ಬಲವಷ್ಟೇ ಮಾರಾಟವಾಗುತ್ತದೆ. ಇಷ್ಟು ಸೊಗಸಾದ ಸರಕು ಬೇರೊಂದಿಲ್ಲ. ಆದರೆ ಇದನ್ನು ಮೂಟೆಕಟ್ಟಿ ದೂರದ ಸಂತೆಗೆ ಒಯ್ಯುವಂತಿಲ್ಲ. ತಂತಿಯು ಎಲ್ಲಿಗೆ ಹೋಗುವುದೋ ಅಲ್ಲಿಯೇ ಗಿರಾಕಿ. ಭೂತಾನದ ತಂತಿಗಳು ಹೋಗುವುದು ಭಾರತಕ್ಕೆ ಮಾತ್ರ.

1974ರಲ್ಲಿ ಚೂಖಾ ಯೋಜನೆಯ ಒಪ್ಪಂದವಾಯಿತು. ವಾಂಗ್‌ಚೂ ನದಿಯ ಮೇಲೆ 336 ಮೆಗಾವಾಟ್ ಸಾಮರ್ಥ್ಯದ ಕೇಂದ್ರ. ಪೂರ್ಣವಾಗಿ ನಡೆದರೆ ಗಂಟೆಯೊಂದಕ್ಕೆ 3,36,000 ಯೂನಿಟ್ಟುಗಳ ಉತ್ಪತ್ತಿ. ವೆಚ್ಚದಲ್ಲಿ ಶೇಕಡ 60ನ್ನು ಭಾರತವು ಉಚಿತವಾಗಿಯೂ, ಶೇಕಡ 40ನ್ನು ಶೇಕಡ 5ರ ಬಡ್ಡಿಯ ಸಾಲವಾಗಿಯೂ ಕೊಡತಕ್ಕದ್ದು. ಭೂತಾನವು ತನಗೆ ಬೇಕಾದಷ್ಟನ್ನು ಉಪಯೋಗಿಸಿಕೊಂಡು ಮಿಕ್ಕುದನ್ನು ಭಾರತಕ್ಕೆ ಮಾರತಕ್ಕದ್ದು. 1986ರಲ್ಲಿ ಮೊದಲ ಯಂತ್ರವು ತಿರುಗಿತು, 1988ರಲ್ಲಿ ಎಲ್ಲವೂ ಪೂರ್ತಿಯಾಯಿತು. ಸಾಲಿಗನೂ, ಕಟ್ಟುವವನೂ, ಗಿರಾಕಿಯೂ ಒಬ್ಬನೇ ಆದ ಈ ವ್ಯಾಪಾರವು ಸಣ್ಣವನಿಗೆ ಉರುಳಾಗಬಹುದಾಗಿತ್ತು. ಹಾಗಾಗಲಿಲ್ಲ. ಭೂತಾನದ ಬೊಕ್ಕಸಕ್ಕೆ ಸ್ಥಿರವಾದ ವರಮಾನವೊಂದು ಮೊದಲ ಬಾರಿಗೆ ಒದಗಿತು.

ನನ್ನಂಥ ಹಳೆಯ ಉಪಾಧ್ಯಾಯನಿಗೆ ಸಂಧಿಯೆಂದ ಕೂಡಲೆ ವ್ಯಾಕರಣವೇ ನೆನಪಿಗೆ ಬರುವುದು. ಲೋಪಸಂಧಿಯಲ್ಲಿ ಎರಡು ಸ್ವರಗಳು ಕೂಡಿದಾಗ ಒಂದು ಕಣ್ಮರೆಯಾಗುತ್ತದೆ. ಪ್ರಕೃತಿಭಾವದಲ್ಲಿ ಎರಡೂ ತಮ್ಮತಮ್ಮ ರೂಪದಲ್ಲಿ ನಿಲ್ಲುತ್ತವೆ. ಪಕ್ಕದ ಸಿಕ್ಕಿಂ 1975ರಲ್ಲಿ ಭಾರತದ ರಾಜ್ಯಗಳಲ್ಲೊಂದಾಯಿತು. ಅದನ್ನು ಕಂಡಿದ್ದ ಭೂತಾನದವರು ತಮ್ಮ ಕರಾರುಗಳನ್ನು ಒಂದೊಂದು ಅಕ್ಷರವಾಗಿ ಓದಿದ್ದರೆ ಅದರಲ್ಲಿ ಆಶ್ಚರ್ಯವೇನು?

ಚೂಖಾದ ಕೆಳಭಾಗದಲ್ಲಿ ಅದೇ ನದಿಯ ಮೇಲೆ 1,020 ಮೆಗಾವಾಟ್‌ನ ತಾಲಾ ಕೇಂದ್ರವು 2006–07ರಲ್ಲಿ ಕೆಲಸಕ್ಕೆ ತೊಡಗಿತು. ಅದಕ್ಕೆ ಹೊಂದಿಸಿ ಎಳೆದ ತಂತಿಯು ಸಿಲಿಗುರಿಯಿಂದ ದಿಲ್ಲಿಯ ಸಮೀಪದವರೆಗೂ ಬಂದಿರುತ್ತದೆ.

ಆದರೆ ಮಾತುಕತೆಗಳಲ್ಲಿ ನಿಜವಾದ ಹಗ್ಗಜಗ್ಗಾಟವು ನಡೆಯುವುದು ಯೂನಿಟ್ಟಿನ ಬೆಲೆಯ ಮೇಲೆ. ಚೂಖಾದ ವಿದ್ಯುತ್ತಿಗೆ 2 ರೂಪಾಯಿ 25 ಪೈಸೆಯಿದ್ದುದು 2017ರಿಂದ 2 ರೂಪಾಯಿ 55 ಪೈಸೆಯಾಯಿತು. ಮೂವತ್ತು ಪೈಸೆಗಾಗಿ ಎರಡು ಸರಕಾರಗಳು ಚರ್ಚಿಸುವುದೇ ಎಂದು ನಗಬಾರದು. ಕೋಟ್ಯಂತರ ಯೂನಿಟ್ಟುಗಳಿಂದ ಗುಣಿಸಿದಾಗ ಅದರಲ್ಲಿ ಆ ದೇಶದ ಶಾಲೆಗಳೂ ಆಸ್ಪತ್ರೆಗಳೂ ಅಡಗಿರುತ್ತವೆ. 720 ಮೆಗಾವಾಟ್‌ನ ಮಾಂಗ್‌ದೇಚೂ ಕೇಂದ್ರವು 2019ರಲ್ಲಿ ಉದ್ಘಾಟನೆಯಾಯಿತು. ಅದರ ಬೆಲೆಯು 4 ರೂಪಾಯಿ 12 ಪೈಸೆಗೆ ನಿಶ್ಚಯವಾಯಿತು. ಹೆಚ್ಚಲು ಕಾರಣವುಂಟು. ಈ ವೇಳೆಗೆ ಪಣವೇ ತಲೆಕೆಳಗಾಗಿತ್ತು: ಶೇಕಡ 30 ಮಾತ್ರ ಉಚಿತ, ಶೇಕಡ 70 ಸಾಲ, ಬಡ್ಡಿಯು ಶೇಕಡ 10. ಬಡ್ಡಿಯನ್ನು ಏರಿಸಿದವನು ಸರಕಿನ ಬೆಲೆಯೇರಿತೆಂದು ಗೊಣಗುವುದು ನ್ಯಾಯವಲ್ಲ.

2016ರ ಡಿಸೆಂಬರಿನಲ್ಲಿ ಗಡಿಯಾಚೆಯ ವಿದ್ಯುದ್ವ್ಯಾಪಾರಕ್ಕೆ ಭಾರತವು ಮಾಡಿದ ನಿಯಮಗಳು ಥಿಂಪುವಿನಲ್ಲಿ ಕಳವಳವನ್ನುಂಟುಮಾಡಿದವು. ಎರಡು ವರ್ಷಗಳ ತರುವಾಯ ಅವುಗಳನ್ನು ಸಡಿಲಿಸಿದ್ದು ಸರಿಯಾಯಿತು.

ಎಲ್ಲಕ್ಕಿಂತ ಕಷ್ಟವಾದುದು ಪುನತ್ಸಾಂಗ್‌ಚೂ ನದಿಯ ವೃತ್ತಾಂತ. ಮೇಲುಭಾಗದಲ್ಲಿ 1,200 ಮೆಗಾವಾಟ್‌ನ ಮೊದಲನೆಯ ಕೇಂದ್ರಕ್ಕೆ 2007ರಲ್ಲಿ ಒಪ್ಪಂದವಾಯಿತು. 2013ರ ಜುಲೈ ತಿಂಗಳಲ್ಲಿ ಅಣೆಕಟ್ಟಿನ ಬಲದಂಡೆಯ ಬೆಟ್ಟವೇ ಜಾರತೊಡಗಿತು. ಸುಮಾರು 3,500 ಕೋಟಿಯೆಂದಿದ್ದ ಅಂದಾಜು 9,000 ಕೋಟಿ ರೂಪಾಯಿಗಳನ್ನು ಮೀರಿತು. ಯಂತ್ರವು ತಿರುಗದಿದ್ದರೂ ಬಡ್ಡಿಯು ತಿರುಗುವುದಷ್ಟೆ! ಭೂತಾನದ ಹೊರಸಾಲದಲ್ಲಿ ಬಹುಪಾಲು ಇಂಥ ಜಲವಿದ್ಯುತ್ತಿನ ಸಾಲವೇ. ಬೆಟ್ಟವು ಜಾರಿದ್ದಕ್ಕೆ ಯಾರನ್ನು ದೂರೋಣ? ಆದರೆ ಜಾರಿದ ಬೆಟ್ಟದ ಖರ್ಚನ್ನು ಯಾರು ಎಷ್ಟು ಹೊರತಕ್ಕದ್ದೆಂಬುದನ್ನು ಕರಾರಿನಲ್ಲಿಯೇ ಮೊದಲೇ ಬರೆದಿಡುವುದು ಮನುಷ್ಯರ ಕೈಯಲ್ಲಿದ್ದ ಕೆಲಸ.

ಇನ್ನೊಂದು ವಿಚಿತ್ರವುಂಟು. ಮಳೆಗಾಲದಲ್ಲಿ ವಿದ್ಯುತ್ತನ್ನು ಮಾರುವ ಭೂತಾನವು, ಚಳಿಗಾಲದಲ್ಲಿ ಹೊಳೆಗಳು ಸೊರಗಿದಾಗ ಭಾರತದಿಂದಲೇ ಕೊಂಡು ಒಲೆ ದೀಪಗಳನ್ನು ಉರಿಸಬೇಕಾಗುತ್ತದೆ. ಪೆಟ್ರೋಲು, ಡೀಸೆಲ್ಲುಗಳೂ ಇಲ್ಲಿಂದಲೇ ಬೆಟ್ಟವನ್ನು ಹತ್ತಬೇಕು; ಅವುಗಳ ಸರಬರಾಜಿಗೆ 2024ರ ಮಾರ್ಚಿಯಲ್ಲಿ ಒಪ್ಪಂದವಾಯಿತು. ಹಬ್ಬಕ್ಕೆ ಹಾಲನ್ನೆಲ್ಲ ಮಾರಿ, ಮರುದಿನ ಮಕ್ಕಳಿಗೆ ಅದೇ ಮನೆಯಿಂದ ಹಾಲು ತರುವ ಸಂಸಾರದಂತೆ ಇದು. ಆದುದರಿಂದಲೇ ಈಚಿನ ಸಂಧಾನಗಳಲ್ಲಿ ಬೇಸಗೆಯ ಬೆಲೆಯಷ್ಟೇ ಮುಖ್ಯವಾಗಿ ಚಳಿಗಾಲದ ಪ್ರಶ್ನೆಯೂ ಎದ್ದಿರುತ್ತದೆ.

2025ರ ನವೆಂಬರ್ 11ರಂದು ಥಿಂಪುವಿನಲ್ಲಿ ಭೂತಾನದ ಅರಸರೂ ಭಾರತದ ಪ್ರಧಾನಮಂತ್ರಿಗಳೂ ಕೂಡಿ 1,020 ಮೆಗಾವಾಟ್‌ನ ಎರಡನೆಯ ಪುನತ್ಸಾಂಗ್‌ಚೂ ಕೇಂದ್ರವನ್ನು ಉದ್ಘಾಟಿಸಿದರು. ಭಾರತವು ಶಕ್ತಿಯೋಜನೆಗಳಿಗಾಗಿ 4,000 ಕೋಟಿ ರೂಪಾಯಿಗಳ ರಿಯಾಯಿತಿಯ ಸಾಲವನ್ನೂ ಸಾರಿತು. ಅದೇ ನದಿಯ ಮೇಲುಭಾಗದಲ್ಲಿ, ಜಾರಿದ ಬೆಟ್ಟದ ಬುಡದಲ್ಲಿ ನಿಂತುಹೋಗಿದ್ದ ಮೊದಲನೆಯ ಅಣೆಕಟ್ಟಿನ ಕೆಲಸವನ್ನು ಮರಳಿ ಕೈಗೊಳ್ಳುವುದೆಂದು ಆ ದಿನಗಳಲ್ಲಿಯೇ ಎರಡು ಪಕ್ಷದವರೂ ಒಪ್ಪಿಕೊಂಡರು.