ಡಿಯುವೋ ಜೆಎನ್‌ಯುವೋ: ರಾಜ್ಯಶಾಸ್ತ್ರ ಓದಹೊರಟವರ ತಪ್ಪು ಲೆಕ್ಕಗಳು

ಮೂರು ವರ್ಷದ ಹಿಂದೆ, ಪಿಯುಸಿ ಫಲಿತಾಂಶ ಬಂದ ಮರುದಿನ, ಅಪ್ಪ ಮಗಳು ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಮಗಳು ಎಚ್‌ಇಪಿಎಸ್‌ನಲ್ಲಿ ಕಾಲೇಜಿಗೇ ಮೊದಲು. ಸೈಬರ್ ಸೆಂಟರಿನಲ್ಲಿ ತೆಗೆಸಿದ ಫಲಿತಾಂಶದ ಪ್ರಿಂಟನ್ನು ಅಪ್ಪ ನನ್ನ ಮುಂದೆ ಹರವಿಟ್ಟು, "ದೆಹಲಿಗೇ ಕಳಿಸೋಣ ಅಂತಿದ್ದೀನಿ ಸರ್. ಬಿಎ ರಾಜ್ಯಶಾಸ್ತ್ರಕ್ಕೆ ಜೆಎನ್‌ಯು ಒಳ್ಳೇದಾ, ಡೆಲ್ಲಿ ಯೂನಿವರ್ಸಿಟಿ ಒಳ್ಳೇದಾ?" ಎಂದರು. ಪ್ರತಿ ವರ್ಷ ನನ್ನ ಕಿವಿಗೆ ಬೀಳುವ ತಪ್ಪು ತಿಳಿವಳಿಕೆಗಳಲ್ಲಿ ಅರ್ಧಕ್ಕರ್ಧ ಆ ಒಂದು ಪ್ರಶ್ನೆಯಲ್ಲೇ ಇದ್ದವು.

ಮೊದಲ ತಪ್ಪೇ ದೊಡ್ಡದು. ಜೆಎನ್‌ಯುನಲ್ಲಿ (ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ) ಬಿಎ ರಾಜ್ಯಶಾಸ್ತ್ರವೇ ಇಲ್ಲ. ಅಲ್ಲಿ ಬಿಎ ಆನರ್ಸ್ ಇರುವುದು ಫ್ರೆಂಚ್, ಜರ್ಮನ್, ಜಪಾನಿಯಂಥ ವಿದೇಶಿ ಭಾಷೆಗಳಿಗೆ. ರಾಜ್ಯಶಾಸ್ತ್ರ ಶುರುವಾಗುವುದು ಎಂಎಯಿಂದ. 1969ರಲ್ಲಿ ಆರಂಭವಾದ ಆ ವಿಶ್ವವಿದ್ಯಾಲಯದ ಒತ್ತು ಸ್ನಾತಕೋತ್ತರ ಓದು ಮತ್ತು ಸಂಶೋಧನೆಯ ಮೇಲೆ. 1922ರಲ್ಲಿ ಹುಟ್ಟಿದ ದೆಹಲಿ ವಿಶ್ವವಿದ್ಯಾಲಯದ (ಡಿಯು) ಬಗೆಯೇ ಬೇರೆ. ಸುಮಾರು 90 ಕಾಲೇಜುಗಳ ದೊಡ್ಡ ಸಂಸಾರ ಅದು. ಹಾಗಾಗಿ ಪಿಯುಸಿ ಮುಗಿಸಿದವರ ಮುಂದೆ ಇವೆರಡರ ನಡುವೆ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ. ಡಿಯು ಮೊದಲು, ಬೇಕಿದ್ದರೆ ಜೆಎನ್‌ಯು ಆಮೇಲೆ. ವಿದೇಶಾಂಗ ಸಚಿವ ಎಸ್. ಜೈಶಂಕರ್ ಡಿಯುನ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಪದವಿ ಮುಗಿಸಿ, ಜೆಎನ್‌ಯುನಲ್ಲಿ ರಾಜ್ಯಶಾಸ್ತ್ರದ ಎಂಎ ಮಾಡಿದರು. ಕಮ್ಯುನಿಸ್ಟ್ ನಾಯಕ ಸೀತಾರಾಂ ಯೆಚೂರಿ ಓದಿದ್ದು ಅರ್ಥಶಾಸ್ತ್ರವಾದರೂ ನಡೆದದ್ದು ಇದೇ ದಾರಿಯಲ್ಲಿ: ಸ್ಟೀಫನ್ಸ್, ಆಮೇಲೆ ಜೆಎನ್‌ಯು.

"ಇಷ್ಟು ಅಂಕ ಇದ್ದ ಮೇಲೆ ಸೀಟು ಸಿಕ್ಕೇ ಸಿಗುತ್ತೆ" ಎನ್ನುವುದು ಹಳೆಯ ಕಾಲದ ಮಾತು. 2020ರಲ್ಲಿ ಡಿಯುನ ಲೇಡಿ ಶ್ರೀರಾಮ್ ಕಾಲೇಜಿನ ಮೊದಲ ಕಟ್‌ಆಫ್ ಪಟ್ಟಿಯಲ್ಲಿ ರಾಜ್ಯಶಾಸ್ತ್ರಕ್ಕೆ ನೂರಕ್ಕೆ ನೂರು ಅಂಕ ಬೇಕಿತ್ತು. 2022ರಿಂದ ಆ ಪದ್ಧತಿ ಹೋಗಿ, ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಯ ಅಂಕವೇ ಎಲ್ಲವನ್ನೂ ನಿರ್ಧರಿಸುತ್ತಿದೆ. ಆ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರದ ಪ್ರಶ್ನೆಗಳು ಬರುವುದು ಎನ್‌ಸಿಇಆರ್‌ಟಿಯ 12ನೇ ತರಗತಿ ಪಠ್ಯದಿಂದ. ನಮ್ಮ ಪಿಯುಸಿ ಪುಸ್ತಕವನ್ನು ಬಾಯಿಪಾಠ ಮಾಡಿದವರೂ ಆ ಪಠ್ಯವನ್ನು ಬೇರೆಯಾಗಿಯೇ ಓದಬೇಕು. ಅದಕ್ಕಿಂತ ಮುಖ್ಯವಾದದ್ದು ದಿನಾಂಕ. ಈಚಿನ ವರ್ಷಗಳಲ್ಲಿ ಸಿಯುಇಟಿಗೆ ಅರ್ಜಿ ಹಾಕುವ ಗಡುವು ಪಿಯುಸಿ ಫಲಿತಾಂಶಕ್ಕೆ ಮೊದಲೇ ಮುಗಿದುಹೋಗುತ್ತಿದೆ. ಅಂಕ ನೋಡಿಕೊಂಡು ಆಮೇಲೆ ಯೋಚಿಸೋಣ ಎಂದು ಕೂತವರಿಗೆ ಯೋಚಿಸಲು ಏನೂ ಉಳಿದಿರುವುದಿಲ್ಲ. ಆ ಅಪ್ಪನಿಗೆ ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತ್ತು. ಮಗಳು ತಲೆ ತಗ್ಗಿಸಿ ಆ ಪ್ರಿಂಟನ್ನು ಮಡಚುತ್ತ ಮಡಚುತ್ತ ಬೆರಳಗಲ ಮಾಡಿಬಿಟ್ಟಳು.

ಹಿಂದಿ ಬಾರದೆ ಹೋದರೆ ಕಷ್ಟ ಎಂದು ಹೆದರುವವರೂ ಇದ್ದಾರೆ. ಪದವಿ ಪ್ರವೇಶದ ಸಿಯುಇಟಿ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ. ನಿಜವಾಗಿ ಒದ್ದಾಡಬೇಕಾಗುವುದು ಇಂಗ್ಲಿಷಿನ ಜೊತೆಗೆ. ಮೊದಲ ಸೆಮಿಸ್ಟರಿನಲ್ಲೇ ಮೂವತ್ತು ನಲವತ್ತು ಪುಟಗಳ ಲೇಖನಗಳನ್ನು ಕೈಗೆ ಕೊಟ್ಟರೆ ಕನ್ನಡ ಮಾಧ್ಯಮದ ಮಕ್ಕಳು ಕಂಗಾಲಾಗುತ್ತಾರೆ. ದಡ್ಡರೆಂದಲ್ಲ, ಅಂಥ ಓದು ರೂಢಿಯಿಲ್ಲ ಅಷ್ಟೆ. ಪಿಯುಸಿಯಲ್ಲಿದ್ದಾಗಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿಕೊಂಡವರಿಗೆ ಆ ಹೊರೆ ಹಗುರ.

"ಡಿಯು ಸಿಕ್ಕರೆ ಸಾಕು, ಯಾವ ಕಾಲೇಜಾದರೇನು?" ಈ ಮಾತು ಅರ್ಧ ನಿಜ. ಪಠ್ಯಕ್ರಮ ಎಲ್ಲ ಕಾಲೇಜಿಗೂ ಒಂದೇ, ಪದವಿ ಪತ್ರವೂ ಒಂದೇ. ಆದರೆ ದಿನದ ಬದುಕು ಒಂದೇ ಅಲ್ಲ. ಹಿಂದೂ ಕಾಲೇಜು, ರಾಮಜಸ್ ಇರುವ ಉತ್ತರ ಕ್ಯಾಂಪಸ್ಸಿಗೆ ವಿಶ್ವವಿದ್ಯಾಲಯ ಮೆಟ್ರೋ ನಿಲ್ದಾಣ ಹತ್ತಿರ. ಗ್ರಂಥಾಲಯಗಳೂ ಅಲ್ಲೇ ಇವೆ. ಭಗಿನಿ ನಿವೇದಿತಾ ಕಾಲೇಜು ಇರುವುದು ನಗರದ ಇನ್ನೊಂದು ಅಂಚಿನಲ್ಲಿ, ನಜಫ್‌ಗಡದ ಕಡೆಯ ಕೈರ್ ಹಳ್ಳಿಯಲ್ಲಿ. ಎರಡೂ ಡಿಯುವೇ. ಡಿಯುನಲ್ಲಿ ಹಾಸ್ಟೆಲ್ ಎಲ್ಲರಿಗೂ ಸಿಗದು. ಸಿಗದವರು ವಿಜಯನಗರ, ಮುಖರ್ಜಿನಗರದ ಪಿಜಿ ಕೋಣೆಗಳಿಗೆ ಹೋಗಬೇಕು. ಕಾಲೇಜಿನ ಫೀಸು ನೋಡಿ ಸಮಾಧಾನಪಟ್ಟ ತಂದೆತಾಯಿಗೆ ಬಾಡಿಗೆಯ ಲೆಕ್ಕ ಆಮೇಲೆ ಎದೆಗೆ ಬಡಿಯುತ್ತದೆ. ಜೆಎನ್‌ಯು ಇಲ್ಲಿ ಬಡವರ ಮಕ್ಕಳಿಗೆ ದೊಡ್ಡ ಆಸರೆ. ಬೋಧನಾ ಶುಲ್ಕ ವರ್ಷಕ್ಕೆ ಕೆಲವೇ ನೂರು ರೂಪಾಯಿ, ಹಾಸ್ಟೆಲುಗಳು ಕ್ಯಾಂಪಸ್ಸಿನೊಳಗೇ ಇವೆ. ಅವಕ್ಕೆ ನದಿಗಳ ಹೆಸರು: ಸಾಬರಮತಿ, ಗೋದಾವರಿ, ಪೆರಿಯಾರ್, ನಮ್ಮ ಕಾವೇರಿ. ಕನ್ನಡ ಅಧ್ಯಯನ ಪೀಠವೂ ಅಲ್ಲಿದೆ, ಪುರುಷೋತ್ತಮ ಬಿಳಿಮಲೆಯವರು ಅದನ್ನು ನಡೆಸಿದವರು.

"ಅಲ್ಲಿ ಬರೀ ಗಲಾಟೆ, ಓದು ಎಲ್ಲಿ?" ಎಂದು ಟಿವಿ ನೋಡಿ ಹೇಳುವವರಿಗೆ ನನ್ನದೊಂದು ಮಾತು. ಜೆಎನ್‌ಯು ವಿದ್ಯಾರ್ಥಿ ಸಂಘದ ಚುನಾವಣೆಯನ್ನು ವಿದ್ಯಾರ್ಥಿಗಳದೇ ಸಮಿತಿ ನಡೆಸುತ್ತದೆ. ಅಧ್ಯಕ್ಷ ಸ್ಥಾನಕ್ಕೆ ನಿಂತವರು ಮತದಾನಕ್ಕೆ ಮೊದಲು ರಾತ್ರಿ ವೇದಿಕೆಯಲ್ಲಿ ಕೂತು ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಡಬೇಕು. ಕೈಯಲ್ಲಿ ಬರೆದ ಪೋಸ್ಟರುಗಳ ಕೆಳಗೆ ನಿಂತು ಅದನ್ನು ಕೇಳುವುದೂ ರಾಜ್ಯಶಾಸ್ತ್ರದ ಪಾಠವೇ ಎಂದು ನಾನು ನಂಬಿದ್ದೇನೆ.

ರ‍್ಯಾಂಕ್ ಪಟ್ಟಿಯ ಬಗ್ಗೆ ಹೆಚ್ಚು ಹೇಳುವುದು ಬೇಡ. 2024ರ ಎನ್‌ಐಆರ್‌ಎಫ್ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಜೆಎನ್‌ಯು 2, ಡಿಯು 6. ಒಂದನೆಯದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ರಾಜ್ಯಶಾಸ್ತ್ರದ ಪದವಿಯೇ ಇಲ್ಲ! ಐಎಎಸ್‌ಗೆ ದೆಹಲಿಯ ಪದವಿಯೇ ಬೇಕೆಂಬುದೂ ಸುಳ್ಳು. ಯಾವ ಪದವಿಯಾದರೂ ನಡೆಯುತ್ತದೆ, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.

ಆ ಹುಡುಗಿ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೇ ಸೇರಿದಳು. ಈಗ ಅಂತಿಮ ವರ್ಷ. ಮೊನ್ನೆ ಎಂಎಗಾಗಿ ಸಿಯುಇಟಿ ಪಿಜಿಗೆ ಅರ್ಜಿ ಹಾಕಿ ಬಂದಿದ್ದಳು, ಗಡುವಿಗೆ ಇನ್ನೂ ಎಂಟು ದಿನ ಇರುವಾಗಲೇ. "ಜೆಎನ್‌ಯುನಲ್ಲಿ ರಾಜ್ಯಶಾಸ್ತ್ರ ಎರಡು ಕಡೆ ಇದೆಯಲ್ಲ ಸರ್, ಏನು ವ್ಯತ್ಯಾಸ?" ಎಂದು ಕೇಳಿದಳು. ಒಂದು ಸಮಾಜ ವಿಜ್ಞಾನಗಳ ಶಾಲೆಯೊಳಗಿನ ರಾಜಕೀಯ ಅಧ್ಯಯನ ಕೇಂದ್ರ, ನಮ್ಮ ದೇಶದ ರಾಜಕೀಯ ಮತ್ತು ಚಿಂತನೆಗೆ ಅಲ್ಲಿ ಒತ್ತು. ಇನ್ನೊಂದು 1955ರಲ್ಲಿ ಪ್ರತ್ಯೇಕ ಸಂಸ್ಥೆಯಾಗಿ ಹುಟ್ಟಿ ಆಮೇಲೆ ಜೆಎನ್‌ಯುಗೆ ಸೇರಿದ ಅಂತರರಾಷ್ಟ್ರೀಯ ಅಧ್ಯಯನ ಶಾಲೆ, ಅಲ್ಲಿಯದು ದೇಶದೇಶಗಳ ನಡುವಿನ ಸಂಬಂಧದ ಓದು. ಇಷ್ಟು ಹೇಳುವಷ್ಟರಲ್ಲಿ ಅವಳು ಪೆನ್ನು ತೆಗೆದಳು. "ನನಗೆ ಗ್ರಾಮ ಪಂಚಾಯಿತಿ ಬಗ್ಗೆ ಓದಬೇಕು ಸರ್, ಹಾಗಾದರೆ ಮೊದಲನೆಯದೇ" ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಅದರ ಕೆಳಗೆ ಎರಡನೇ ಆಯ್ಕೆ ಡಿಯು ಎಂದು ಸೇರಿಸಿದಳು.