ಟಿಪ್ಪಣಿಗಳನ್ನು ಯಾವ ಪೆಟ್ಟಿಗೆಯಲ್ಲಿಡಬೇಕು?

ಓದುಬರಹದ ಹವ್ಯಾಸವುಳ್ಳ ಗೃಹಸ್ಥನ ಮನೆಯಲ್ಲಿ ಟಿಪ್ಪಣಿಗಳಿಗೆ ಕೊರತೆಯಿರದು. ಲಕೋಟೆಯ ಬೆನ್ನಿನ ಮೇಲೆ ಗೀಚಿದ ವಾಕ್ಯ, ಹಿರಿಯರಿಂದ ಕೇಳಿ ಬರೆದಿಟ್ಟ ಗಾದೆ, ಅರ್ಧದಲ್ಲಿ ನಿಂತ ಪ್ರಬಂಧ, ಇವೆಲ್ಲಕ್ಕೂ ಈಗ ಗಣಕಯಂತ್ರವೇ ಆಶ್ರಯವಾಗಿದೆ. ಆದರೆ ಆ ಮನೆಯ ಬಾಗಿಲು ಒಳಕ್ಕೆ ತೆರೆಯುವಂತೆ ಹೊರಕ್ಕೂ ತೆರೆಯುವುದೇ ಎಂಬುದನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ಇದನ್ನು ನಾನು ನಷ್ಟಪಟ್ಟು ಕಲಿತೆನು.

2003ರಲ್ಲಿ, ಉಪಾಧ್ಯಾಯನಾಗಿದ್ದಾಗ, ನನ್ನ ತಾಯಿಯವರು ಆಡುತ್ತಿದ್ದ ಅಪೂರ್ವವಾದ ಮಾತುಗಳನ್ನು ಅವರಿಂದಲೇ ಅರ್ಥ ಕೇಳಿ ಒಂದು ತಂತ್ರಾಂಶದಲ್ಲಿ ಬರೆದಿಡತೊಡಗಿದೆನು. ಆರು ನೂರಕ್ಕೆ ಮೇಲ್ಪಟ್ಟು ಸೇರಿದುವು. ತಾಯಿಯವರು 2011ರಲ್ಲಿ ತೀರಿಕೊಂಡರು. ನಿವೃತ್ತನಾದ ಮೇಲೆ, ಮೊಮ್ಮಕ್ಕಳಿಗಾಗಿ ಪುಸ್ತಕ ಮಾಡೋಣವೆಂದು ಹೊಸ ಯಂತ್ರದಲ್ಲಿ ತೆರೆದರೆ, ಕನ್ನಡವಿರಬೇಕಾದೆಡೆ ಅರ್ಥವಿಲ್ಲದ ರೋಮನ್ ಅಕ್ಷರಗಳು! ಆ ಕಾಲದ ಅನೇಕ ಫಾಂಟುಗಳು ಕನ್ನಡದ ಅಕ್ಷರಗಳನ್ನು ರೋಮನ್ ಅಕ್ಷರಗಳ ಪೀಠದಲ್ಲಿ ಕುಳ್ಳಿರಿಸುತ್ತಿದ್ದುವು. ಆ ಫಾಂಟು ಇಲ್ಲದೆಡೆ ಪೀಠ ಮಾತ್ರವೇ ಕಾಣುವುದು. ಪರಿವರ್ತಕದ ನೆರವಿನಿಂದ ಬಹುಭಾಗವು ಮರಳಿತು. ಒಂದು ಕಡತವು ಮಾತ್ರ ಆ ತಂತ್ರಾಂಶದ ಗೂಢರೂಪದಲ್ಲಿದ್ದು, ಆ ತಂತ್ರಾಂಶವೇ ಇಂದು ಇಲ್ಲವಾದುದರಿಂದ, ತೆರೆಯಲೇ ಇಲ್ಲ. ಅದರೊಳಗಿನ ಮಾತುಗಳನ್ನು ಮತ್ತೆ ಕೇಳೋಣವೆಂದರೆ ಹೇಳುವವರಿಲ್ಲ.

ಆದಕಾರಣ ತಂತ್ರಾಂಶವನ್ನು ಆರಿಸುವವರು ಮೂರು ಪರೀಕ್ಷೆಗಳನ್ನು ಮಾಡಬೇಕು.

ಮೊದಲನೆಯದು ಅಕ್ಷರಪರೀಕ್ಷೆ. ಬರಹವು ಯೂನಿಕೋಡಿನಲ್ಲಿರಲಿ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡದ ಪ್ರತಿಯೊಂದು ವರ್ಣಕ್ಕೂ ಸ್ವಂತ ಸ್ಥಾನವುಂಟು.

ಎರಡನೆಯದು ನಿರ್ಗಮಪರೀಕ್ಷೆ. ಹತ್ತು ಟಿಪ್ಪಣಿಗಳನ್ನು ಬರೆದು, ಅವನ್ನು ಹೊರತೆಗೆದು, ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡಿರಿ. 2020ರಲ್ಲಿ ಬಂದ ಅಬ್ಸಿಡಿಯನ್ ಎಂಬುದು ಟಿಪ್ಪಣಿಗಳನ್ನು ನಮ್ಮ ಯಂತ್ರದಲ್ಲಿಯೇ ಮಾರ್ಕ್‌ಡೌನ್ ಎಂಬ ಸರಳ ಪಠ್ಯದ ಕಡತಗಳಾಗಿ ಇಡುತ್ತದೆ. ಅದು ನಾಳೆ ಇಲ್ಲವಾದರೂ ಯಾವ ಸಾಮಾನ್ಯ ಸಂಪಾದಕದಲ್ಲಿಯೂ ಅವನ್ನು ಓದಬಹುದು. ಜಾಪ್ಲಿನ್ ಎಂಬುದು ತನ್ನದೇ ದತ್ತಾಂಶಕೋಶದಲ್ಲಿ ಇಟ್ಟರೂ ಅದೇ ಮಾರ್ಕ್‌ಡೌನ್ ರೂಪದಲ್ಲಿ ಹೊರಕ್ಕೆ ಕೊಡುತ್ತದೆ. ದೀರ್ಘ ಗ್ರಂಥವನ್ನು ಬರೆಯುವವರಿಗೆ ಅಧ್ಯಾಯಗಳನ್ನು ಚೀಟಿಗಳಂತೆ ಹಿಂದುಮುಂದು ಮಾಡಲು ಸ್ಕ್ರಿವ್‌ನರ್ ಅನುಕೂಲ. ಅದು ಕ್ರಯದ ವಸ್ತುವಾದರೂ 30 ದಿನ ಬಳಸಿ ನೋಡಲು ಅವಕಾಶವುಂಟು.

ಮೂರನೆಯದು ಶೋಧಪರೀಕ್ಷೆ. ಇಲ್ಲಿ ನಮ್ಮ ವ್ಯಾಕರಣವು ಕೆಲಸಕ್ಕೆ ಬರುವುದು. ‘ಊರು’ ಎಂದು ಹುಡುಕಿದರೆ ‘ಊರಿಗೆ’, ‘ಊರನ್ನು’ ಎಂಬುವು ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಪ್ರತ್ಯಯ ಸೇರುವಾಗ ಉಕಾರವು ಲೋಪವಾಗುವುದಷ್ಟೆ. ‘ಊರ’ ಎಂದು ಹುಡುಕಿರಿ. ಬಹುತೇಕ ತಂತ್ರಾಂಶಗಳಲ್ಲಿ ಎಲ್ಲ ರೂಪಗಳೂ ದೊರೆಯುವುವು. ಹೀಗೂ ದೊರೆಯದ ತಂತ್ರಾಂಶವು ಕನ್ನಡಿಗನಿಗೆ ತಕ್ಕುದಲ್ಲ.

ಮೂರರಲ್ಲಿಯೂ ತೇರ್ಗಡೆಯಾದ ಮೇಲೆಯೂ ಒಂದೇ ಪ್ರತಿಯನ್ನು ನಂಬಬಾರದು. ಯಂತ್ರದಲ್ಲೊಂದು, ಹೊರಗಿನ ತಟ್ಟೆಯಲ್ಲೊಂದು, ಬೇರೆಡೆಯಲ್ಲೊಂದು ಇರಲಿ. ತಾಳೆಯ ಗರಿಗಳನ್ನು ನಮ್ಮ ಹಿರಿಯರು ಮತ್ತೆ ಮತ್ತೆ ಪ್ರತಿ ಮಾಡಿದುದರಿಂದಲೇ ಹಳೆಯ ಗ್ರಂಥಗಳು ನಮ್ಮವರೆಗೆ ಬಂದುವು.

ಇನ್ನೊಂದು ಮಾತು. ಸಾಧನವನ್ನು ಆರಿಸುವುದರಲ್ಲಿಯೇ ಬರೆಯುವ ಕಾಲವನ್ನು ಕಳೆಯುವವರೂ ಉಂಟು. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ನನು 1998ರಲ್ಲಿ ತೀರಿಕೊಂಡಾಗ ಸುಮಾರು 90,000 ಕಾಗದದ ಚೀಟಿಗಳನ್ನು ಬಿಟ್ಟುಹೋದನು. ಪ್ರತಿ ಚೀಟಿಗೂ ಒಂದು ಅಂಕೆ, ಒಂದರಿಂದ ಇನ್ನೊಂದಕ್ಕೆ ಸೂಚನೆ. ಆತನ ತಂತ್ರವೆಲ್ಲ ಇಷ್ಟೇ. ಆ ಮರದ ಪೆಟ್ಟಿಗೆಗಳಿಂದಲೇ ಹತ್ತಾರು ಗ್ರಂಥಗಳು ಹೊರಟುವು. ಕ್ರಮವು ಬರೆಯುವವನಲ್ಲಿರಬೇಕು, ತಂತ್ರಾಂಶವು ಅದಕ್ಕೆ ಕೈಯಾಳು.

ನಾನೀಗ ಉಳಿದ ಮಾತುಗಳನ್ನು ಸರಳ ಪಠ್ಯದಲ್ಲಿಟ್ಟು, ಒಂದು ಪ್ರತಿಯನ್ನು ಕಾಗದದ ಮೇಲೂ ಮುದ್ರಿಸಿದ್ದೇನೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಇಂದು ಸಂಜೆಯೇ ಅವರ ಹತ್ತು ಮಾತುಗಳನ್ನು ಬರೆದುಕೊಳ್ಳಿರಿ. ಪೆಟ್ಟಿಗೆಯನ್ನು ನಾಳೆ ಆರಿಸಿದರೂ ಆದೀತು.