ಕೊರಡು ನೀರು ಕುಡಿಯಬೇಕು

ಶೆಟ್ಟಿಹಳ್ಳಿಯ ನಮ್ಮ ಮರಗೆಲಸದ ಅಂಗಡಿಗೆ ಬಾಗಿಲು, ಕಿಟಕಿ ಮಾಡಿಸುವವರ ಜೊತೆ ಈಗ ಮನೆಯಲ್ಲಿ ಮೀನು ಸಾಕುವ ಹುಡುಗರೂ ಬರುತ್ತಾರೆ. ಕೈಯಲ್ಲಿ ಮೀನಿನ ತೊಟ್ಟಿಗೆ ಇಡಲು ತಂದ ಒಣಗಿದ ಜಾಲಿ ಬೇರು. ‘ಆಚಾರ್ರೇ, ಇದು ಮುಳುಗ್ತಾನೇ ಇಲ್ಲ, ಕಲ್ಲು ಕಟ್ಟಿಕೊಡಿ’ ಅಂತ ಕೇಳುತ್ತಾರೆ. ನಾನು ಮೊದಲು ಗರಗಸ ತೆಗೆದುಕೊಳ್ಳುತ್ತೇನೆ.

ಮರದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ, ಬೇರಿನಿಂದ ಎಲೆಗೆ ನೀರು ಹೋಗುತ್ತಿದ್ದ ದಾರಿ. ಮರ ಒಣಗಿದಾಗ ಅಲ್ಲಿ ಗಾಳಿ ಸೇರುತ್ತದೆ. ತೇಲಿಸುವುದು ಆ ಗಾಳಿಯೇ. ಅದನ್ನು ಬಿಟ್ಟು ಬರಿಯ ಮರದ ಪದಾರ್ಥವನ್ನಷ್ಟೇ ತೂಗಿದರೆ ಬೀಟೆಯಾಗಲಿ ಬೂರುಗವಾಗಲಿ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಹಿಂದೆ ಮಲಬಾರ್ ಮತ್ತು ಬರ್ಮಾದ ಕಾಡುಗಳಲ್ಲಿ, ಹಸಿ ತೇಗ ಸರಿಯಾಗಿ ತೇಲುವುದಿಲ್ಲವೆಂದು, ನಿಂತ ಮರದ ಬುಡಕ್ಕೆ ಸುತ್ತಲೂ ಕಚ್ಚು ಹಾಕಿ, ಎರಡು ಮೂರು ವರ್ಷ ನಿಂತಲ್ಲೇ ಒಣಗಿಸಿ, ಆಮೇಲೆ ಕಡಿದು ಹೊಳೆಗೆ ಬಿಡುತ್ತಿದ್ದರು. ನಮ್ಮದು ಅದಕ್ಕೆ ತದ್ವಿರುದ್ಧ ಕೆಲಸ.

ನೀರು ಬೇಗ ಒಳಹೋಗುವುದು ಅಡ್ಡ ಕುಯ್ದ ತುದಿಗಳಿಂದ. ಪಕ್ಕಗಳಿಂದ ಬಹಳ ನಿಧಾನ. ಅದಕ್ಕೇ ತುದಿಗಳನ್ನು ಹೊಸದಾಗಿ ಕುಯ್ದು, ಸಡಿಲ ತೊಗಟೆ, ಲಡ್ಡು ಹಿಡಿದ ಭಾಗ ಎಲ್ಲ ಕೆರೆದು ಕೊಡುತ್ತೇನೆ. ಹಸಿ ಮರ, ನೀಲಗಿರಿಯಂಥ ಎಣ್ಣೆ ವಾಸನೆಯ ಮರ ಬೇಡ. ದೇವರಾಯನದುರ್ಗದ ಮೀಸಲು ಕಾಡಿನಿಂದಂತೂ ಕಡ್ಡಿಯನ್ನೂ ತರಬೇಡಿ.

ಮನೆಗೆ ಒಯ್ದು ಒಂದೆರಡು ಗಂಟೆ ಕುದಿಸಿ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬರುತ್ತದೆ. ತುಂಬಾ ಜನ ಆಗಲೇ ಕೊರಡನ್ನು ಎತ್ತಿ ಆರಲು ಇಡುತ್ತಾರೆ. ಕೊಳವೆಗಳಿಗೆ ಮತ್ತೆ ಗಾಳಿಯೇ ಸೇರುತ್ತದೆ. ಒಲೆ ಆರಿಸಿ, ಪೂರ್ತಿ ಮುಳುಗುವಂತೆ ಮೇಲೆ ಭಾರ ಹೇರಿ, ಅದೇ ನೀರಿನಲ್ಲಿ ರಾತ್ರಿಯಿಡೀ ಬಿಡಿ. ತಣಿಯುವಾಗ ಒಳಗಿನ ಆವಿ ಕುಗ್ಗುತ್ತದೆ, ತೆರವಾದ ಜಾಗಕ್ಕೆ ಹೊರಗಿನ ನೀರು ನುಗ್ಗುತ್ತದೆ. ಕುದಿಸಿದ್ದಕ್ಕಿಂತ ಈ ತಣಿಸುವುದೇ ದೊಡ್ಡದು. ಪಾತ್ರೆಗೆ ಹಿಡಿಸದ ಬೊಡ್ಡೆಯಾದರೆ ಡ್ರಮ್ಮಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆಯಬೇಕು. ನಮ್ಮಪ್ಪ ಗಾಡಿ ಚಕ್ರಕ್ಕೆಂದು ತಂದ ಜಾಲಿ ದಿಮ್ಮಿಗಳನ್ನು ಹುಳು ಬೀಳದಿರಲೆಂದು ಕೆರೆಯಲ್ಲಿ ನೆನೆಹಾಕುತ್ತಿದ್ದರು. ಮರದ ಕೆಲಸದಲ್ಲಿ ನೀರಿಗೆ ಅದರ ಸಮಯ ಕೊಡಲೇಬೇಕು.

ನೆನೆಸಿದ ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಅದು ಟ್ಯಾನಿನ್, ಜಾಲಿ ತೊಗಟೆಯಿಂದ ಚರ್ಮ ಹದ ಮಾಡುವುದೂ ಇದೇ ಒಗರಿನಿಂದ. ತಿಳಿಯಾದ ಬಣ್ಣ ಮೀನಿಗೆ ಕೇಡಲ್ಲ. ಬೇಡವಾದರೆ ನೀರು ಬದಲಿಸುತ್ತಿರಿ.

ಇಷ್ಟಾದ ಮೇಲೂ ಎದ್ದರೆ ಕಲ್ಲು ಕಟ್ಟೋಣ. ಒಂದು ಕೆ.ಜಿ. ಕೊರಡು 1.25 ಲೀಟರ್ ಜಾಗ ಹಿಡಿದರೆ ಅದನ್ನು ಮೇಲೆತ್ತುವ ಬಲ 250 ಗ್ರಾಂ ಮಾತ್ರ. ಗ್ರಾನೈಟ್ ನೀರೊಳಗೆ ತನ್ನ ತೂಕದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚೇ ಕಳೆದುಕೊಳ್ಳುತ್ತದೆ. ಹಾಗಾಗಿ ಅರ್ಧ ಕೆ.ಜಿ. ಚೂರು ಧಾರಾಳ ಸಾಕು. ಸುಣ್ಣಕಲ್ಲು, ಅಮೃತಶಿಲೆ ಬೇಡ, ಅವು ಕರಗಿ ನೀರನ್ನು ಗಡುಸು ಮಾಡುತ್ತವೆ. ಕಬ್ಬಿಣದ ಮೊಳೆ ಹೊಡೆದರೆ ಒಗರು ತಾಗಿ ಮರ ಕಪ್ಪಾಗುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ. ಕಲ್ಲಿಗೆ ತೂತು ಕೊರೆದು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ.

ಕೊರಡನ್ನು ಎರಡು ಗಾಜುಗಳ ನಡುವೆ ಬಿಗಿಯಾಗಿ ಸಿಕ್ಕಿಸಿ ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ. ನೀರು ಕುಡಿದ ಮರ ಅಡ್ಡಕ್ಕೆ ಉಬ್ಬುತ್ತದೆ, ಗಾಜು ಸೀಳಬಹುದು. ಎರಡೂ ಕಡೆ ಬೆರಳಗಲ ಬಿಡಿ. ಮೊದಲ ವಾರಗಳಲ್ಲಿ ಮರದ ಮೇಲೆ ಬಿಳಿ ಲೋಳೆ ಕಟ್ಟಿದರೆ ಹೆದರಬೇಕಿಲ್ಲ. ಹಳೇ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ, ತೊಟ್ಟಿಯಲ್ಲಿ ಬಸವನಹುಳು ಇದ್ದರೆ ಅವೇ ತಿಂದು ಮುಗಿಸುತ್ತವೆ.